ಹನ್ನೊಂದು ವರ್ಷ ನುಂಗಿದ ಹದಿನಾಲ್ಕನೇ ಪ್ರಶ್ನೆ

ಮಹಿಳಾ ತರಬೇತಿ ಆಯ್ಕೆಯ ಹೊಣೆ ಹೊತ್ತ ಅಧಿಕಾರಿಗಳೇ,

ನಿಮ್ಮ ಕಚೇರಿಯ ಆನ್‌ಲೈನ್ ಅರ್ಜಿಯ ಹದಿನಾಲ್ಕನೇ ಪ್ರಶ್ನೆ ತಪ್ಪಾಗಿದೆ. ಅದರಿಂದಾಗಿ ರಾಮನಗರದ ತಾಹೇರಾ ಎಂಬ ಹೆಣ್ಣುಮಗಳ ಹನ್ನೊಂದು ವರ್ಷದ ದುಡಿಮೆ ನಿಮ್ಮ ಪಟ್ಟಿಯಲ್ಲಿ ಸೊನ್ನೆಯಾಗಿ ನಿಂತಿದೆ. ಅಂತಿಮ ಪಟ್ಟಿಗೆ ಇನ್ನು ಒಂಬತ್ತು ದಿನ ಉಳಿದಿದೆ. ಎರಡು ಸಲ ಕಾಗದ ಬರೆದೆ, ಒಂದು ಸಲ ಖುದ್ದಾಗಿ ಬಂದೆ. ದೂರು ಕೊಡಲೆಂದೇ ನೀವು ಇಟ್ಟಿರುವ ಆನ್‌ಲೈನ್ ನಮೂನೆಯನ್ನೂ ತುಂಬಲು ಕೂತೆ. ಅಲ್ಲಿ ದೂರು ನೀರು, ರಸ್ತೆ, ವಿದ್ಯುತ್ ಇಲ್ಲವೇ ಪಡಿತರದ ಬಗ್ಗೆಯೇ ಇರಬೇಕಂತೆ. ನನ್ನ ದೂರು ಇದ್ದದ್ದು ನಮೂನೆಯ ಮೇಲೆ. ಹೀಗಾಗಿ ಪತ್ರಿಕೆಗೆ ಕೊಟ್ಟ ಈ ಪತ್ರವನ್ನು ಊರೆಲ್ಲ ಓದುವಂತಾಯಿತು. ಕ್ಷಮಿಸಿ.

ಓದುಗರಿಗೆ ವಿಷಯ ತಿಳಿದಿರಲಿ. ಹೆದ್ದಾರಿಯ ಬದಿಗೆ ಬರುತ್ತಿರುವ ಹೊಸ ರೇಷ್ಮೆ ನೂಲಿನ ಕಾರ್ಖಾನೆಗಾಗಿ ಎಂಬತ್ತು ಮಂದಿ ಸ್ಥಳೀಯ ಹೆಂಗಸರಿಗೆ ತರಬೇತಿ, ಆಮೇಲೆ ಕಾಯಂ ಕೆಲಸ. ಆರಿಸುವುದು ನಿಮ್ಮ ಕಚೇರಿ. ಅನುಭವ ಇದ್ದವರಿಗೆ ಆದ್ಯತೆ. ಅರ್ಜಿ ಮಾತ್ರ ಇಂಟರ್‌ನೆಟ್ಟಿನಲ್ಲೇ ಹಾಕಬೇಕು, ಕಾಗದ ಮುಟ್ಟುವುದಿಲ್ಲ. ಈ ಏರ್ಪಾಡಿನಲ್ಲಿ ತಪ್ಪೇನೂ ಇಲ್ಲ. ರೇಷ್ಮೆ ಗೂಡಿನ ಮಾರುಕಟ್ಟೆಯ ಹತ್ತಿರ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುವ ನನಗಂತೂ ಅದರಿಂದ ಒಳ್ಳೆಯದೇ ಆಯಿತು.

ತಾಹೇರಾಳ ತಂದೆ ಬಾಬಾಜಾನ್ ಅವರ ಮನೆಯ ಹಿಂದೆ ನಾಲ್ಕು ಬಾಣಲೆಯ ಪುಟ್ಟ ಘಟಕವಿದೆ. ಅಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಾರೆ. ತಾಹೇರಾ ಹದಿನೆಂಟನೇ ವಯಸ್ಸಿನಿಂದ ಅದೇ ಬಿಸಿನೀರಿನಲ್ಲಿ ಬೆರಳಿಟ್ಟು ಕೂದಲಿಗಿಂತ ತೆಳುವಾದ ಎಳೆಯ ತುದಿ ಹುಡುಕಿದವಳು. ಕಡಿದ ಎಳೆಯನ್ನು ಚಕ್ರ ನಿಲ್ಲಿಸದೆ ಕೂಡಿಸಬಲ್ಲಳು. ಅಪ್ಪ ಮಗಳು ಇಬ್ಬರೂ ನನ್ನ ಕೇಂದ್ರಕ್ಕೆ ಬಂದರು. ಹದಿಮೂರು ಪ್ರಶ್ನೆಗಳು ಸಲೀಸಾಗಿ ದಾಟಿದವು. ಹದಿನಾಲ್ಕನೆಯದು: 'ಈಗಿನ ಕೆಲಸ'. ಎದುರಿಗೆ ಮೂರು ಪುಟ್ಟ ವೃತ್ತ. ಕೃಷಿ, ಕಾರ್ಖಾನೆ, ಗೃಹಿಣಿ. ಒತ್ತಬಹುದಾದದ್ದು ಒಂದನ್ನೇ.

"ನಾನು ಇದ್ರಲ್ಲಿ ಯಾವ್ದೂ ಅಲ್ವಲ್ಲ ಮೇಡಂ," ಎಂದಳು ತಾಹೇರಾ.

ಕೃಷಿ ಒತ್ತಿದೆ. ಜಮೀನಿನ ಸರ್ವೆ ನಂಬರ್ ಕೇಳಿತು. ಕಾರ್ಖಾನೆ ಒತ್ತಿದೆ. ಸಂಬಳದ ಚೀಟಿ ಸ್ಕ್ಯಾನ್ ಮಾಡಿ ಹಾಕಿ ಎಂದಿತು.

ಬಾಬಾಜಾನ್ ನಕ್ಕರು. "ಮಗಳಿಗೆ ಯಾರಾದ್ರೂ ಸಂಬಳದ ಚೀಟಿ ಕೊಡ್ತಾರಾ ಮೇಡಂ? ಊಟ ಕೊಡ್ತೀನಿ, ಬೈಗುಳ ಕೊಡ್ತೀನಿ. ಅದ್ನ ಸ್ಕ್ಯಾನ್ ಮಾಡ್ಕೊಳ್ತದಾ ನಿಮ್ ಮೆಷಿನ್ನು? ಹೋಗ್ಲಿ, ಗೃಹಿಣಿ ಅಂತ ಹಾಕ್ಬುಡಿ. ಇನ್ನೂ ಶಾದಿ ಆಗಿಲ್ಲ, ಅಡ್ವಾನ್ಸಾಗಿ ಹಾಕ್ದಂಗಾಯ್ತದೆ."

"ಅಬ್ಬಾಜಿ, ನೀವು ಒಸಿ ಸುಮ್ನಿರಿ," ಎಂದು ತಾಹೇರಾ ನನ್ನ ಕಡೆ ತಿರುಗಿದಳು. "ನಾನು ಮನೇಲಿ ಕೂತಿಲ್ಲ ಮೇಡಂ. ಹನ್ನೊಂದು ವರ್ಷದಿಂದ ನಿಂತ್ಕೊಂಡೇ ಇದೀನಿ."

ಅವತ್ತೇ ಕೊನೆಯ ದಿನ. ಬೇರೆ ದಾರಿ ಕಾಣದೆ ಗೃಹಿಣಿ ಒತ್ತಿದೆ. ಒತ್ತಿದೊಡನೆ 'ಎಷ್ಟು ವರ್ಷದ ಅನುಭವ?' ಎಂಬ ಹದಿನೈದನೇ ಪ್ರಶ್ನೆ ಪರದೆಯಿಂದಲೇ ಮಾಯ! ಗೃಹಿಣಿಗೆ ಎಲ್ಲಿಯ ಅನುಭವ, ಅಲ್ಲವೇ? ವಾರದ ನಂತರ ಬಂದ ತಾತ್ಕಾಲಿಕ ಪಟ್ಟಿಯಲ್ಲಿ ತಾಹೇರಾ ಹೆಸರಿನ ಮುಂದೆ 'ಅನುಭವ: ೦' ಎಂದಿತ್ತು.

ತಾಹೇರಾ ಒಬ್ಬಳ ಕಥೆಯಾಗಿದ್ದರೆ ಅಪರೂಪದ ಪ್ರಕರಣ ಎಂದು ನೀವು ತಳ್ಳಿಹಾಕಬಹುದಿತ್ತು. ಕೂಟಗಲ್ಲಿನ ದೊಡ್ಡಲಕ್ಷ್ಮಮ್ಮ ಬೆಳಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳುವಿಗೆ ಹಾಕಿ, ಒಂಬತ್ತಕ್ಕೆ ಗಾರ್ಮೆಂಟ್ಸ್ ಬಸ್ಸು ಹತ್ತುವವರು. ಒಂದನ್ನೇ ಆರಿಸಬೇಕು ಎಂದದ್ದಕ್ಕೆ ಆಕೆ ಸೊಂಟದ ಮೇಲೆ ಕೈಯಿಟ್ಟು, "ಒಂದೇ ಕೆಲ್ಸ ಮಾಡ್ಕಂಡಿರೋ ಹೆಂಗಸ್ರು ಎಲ್ಲವ್ರೆ ತೋರ್ಸವ್ವ, ನಾನೂ ಒಸಿ ನೋಡ್ಕಂಡ್ ಬತ್ತೀನಿ," ಎಂದರು. ನಾನು ಕಾರ್ಖಾನೆ ಒತ್ತಿದೆ, ಅವರು ಹುಳು ಸಾಕಿದ ವರ್ಷಗಳು ಲೆಕ್ಕದಿಂದ ಹೊರಗುಳಿದವು. ಒಂದೇ ಕೆಲಸದ ಹೆಂಗಸರನ್ನು ನೀವಾದರೂ ತೋರಿಸಬಲ್ಲಿರಾ?

ಪಟ್ಟಿ ಹಿಡಿದು ಕಚೇರಿಗೆ ಬಂದಾಗ ನಿಮ್ಮ ಸಿಬ್ಬಂದಿ ಬಹಳ ಸೌಜನ್ಯದಿಂದ, "ನಾವೇನ್ ಮಾಡಕ್ಕಾಗುತ್ತೆ ಮೇಡಂ, ಸಿಸ್ಟಮ್ ತಗೊಳ್ಳಲ್ಲ," ಎಂದರು. ಆಗ ನನಗೆ ನಗು ಬಂತು. ಏಕೆಂದರೆ, ಮಾನ್ಯರೇ, ನಿಮಗೆ ನೆನಪಿರಬಹುದು, ಆ ಸಿಸ್ಟಮ್ ನಾನೇ.

ಹೌದು, ಆ ಅರ್ಜಿಯನ್ನು ಕಟ್ಟಿದವಳು ನಾನು. ಇಂಗ್ಲಿಷ್ ಬರುತ್ತದೆ, ಕಂಪ್ಯೂಟರ್ ಬರುತ್ತದೆ ಎಂದು ನೀವೇ ಕರೆಸಿದಿರಿ. ಹೆಸರಿಗೆ ಬರೆಯುವ ಪೆಟ್ಟಿಗೆ, ತಾಲ್ಲೂಕಿಗೆ ಇಳಿಪಟ್ಟಿ, ಫೋಟೋಗೆ ಅಪ್‌ಲೋಡ್, ಕೆಲಸಕ್ಕೆ ವೃತ್ತ. ಒಂದೊಂದು ಪ್ರಶ್ನೆಗೂ ತಕ್ಕ ರೂಪ ಕೊಟ್ಟೆ ಎಂದು ಹೆಮ್ಮೆಪಟ್ಟಿದ್ದೆ. ಹದಿನೈದನೇ ಪ್ರಶ್ನೆ ಮಾಯವಾಗುವ ಜಾಣತನವೂ ನನ್ನದೇ, ಗೃಹಿಣಿಯರ ಸಮಯ ಉಳಿಯಲಿ ಎಂದು! ಹದಿನಾಲ್ಕಕ್ಕೆ 'ಇತರೆ' ಎಂದು ಒಂದು ಖಾಲಿ ಪೆಟ್ಟಿಗೆ ಇಡೋಣವೇ ಎಂದು ಕೇಳಿದ್ದೆ. "ಬೇಡಿ ಮೇಡಂ, ಜಾಗ ಕೊಟ್ರೆ ಜನ ಕಥೆ ಬರೀತಾರೆ," ಎಂದಿರಿ. ನಾನು ತಲೆಯಾಡಿಸಿದೆ. ಏಕೆ ಆಡಿಸಿದೆ? ನಾನು ಓದಿದ ಕಾನ್ವೆಂಟಿನಲ್ಲಿ ನಾಲ್ಕು ಆಯ್ಕೆ ಕೊಟ್ಟರೆ ಅದರಲ್ಲೊಂದು ಸರಿಯುತ್ತರ ಇದ್ದೇ ಇರುತ್ತಿತ್ತು. ಪ್ರಶ್ನೆ ಬರೆದವರಿಗೇ ಉತ್ತರ ಗೊತ್ತಿಲ್ಲದಿರಬಹುದು ಎಂಬ ಅನುಮಾನ ನಲವತ್ತು ದಾಟಿದರೂ ನನಗೆ ಬಂದಿರಲಿಲ್ಲ. ಇಪ್ಪತ್ತು ವರ್ಷ ಗೂಡಿನ ವಾಸನೆಯಲ್ಲೇ ಓಡಾಡಿದವಳಿಗೆ, ರಾಮನಗರದಲ್ಲಿ ಹೆಂಗಸರು ಏನು ಕೆಲಸ ಮಾಡುತ್ತಾರೆ ಎಂದು ಬರೆಯುವಾಗ, ಆ ಕೆಲಸವೇ ಹೊಳೆಯಲಿಲ್ಲ. ನಿಮ್ಮನ್ನು ಬೈಯುವ ಮುನ್ನ ಇದನ್ನು ಹೇಳಿಕೊಳ್ಳಬೇಕಿತ್ತು.

ಇನ್ನು ನಿಮ್ಮ ಪಾಲು. ಈ ತಪ್ಪನ್ನು ನಾನು ನಿಮಗೆ ತಿಳಿಸಿ ಮೂರು ವಾರವಾಯಿತು. ಮೂರು ವೃತ್ತ ತೆಗೆದು, ಎಷ್ಟು ಬೇಕಾದರೂ ಗುರುತು ಹಾಕಬಹುದಾದ ಚೌಕಗಳನ್ನಿಟ್ಟು, ಕೆಳಗೊಂದು ಖಾಲಿ ಪೆಟ್ಟಿಗೆ ಸೇರಿಸಲು ಇಪ್ಪತ್ತು ನಿಮಿಷ ಸಾಕು. ಕೂಲಿ ಬೇಡ. ನೀವು ಪಾಸ್‌ವರ್ಡ್ ಸಹ ಬದಲಾಯಿಸಿಲ್ಲ. ಮೊನ್ನೆ ಒಳಹೊಕ್ಕು ನೋಡಿದೆ, ಬಾಗಿಲು ತೆರೆದೇ ಇತ್ತು. ತಾಹೇರಾಳ ಸೊನ್ನೆಯ ಮೇಲೆ ಮೌಸಿನ ಬಾಣದ ಗುರುತು ಇಟ್ಟುಕೊಂಡು ತುಸು ಹೊತ್ತು ಕೂತಿದ್ದೆ. ಒಬ್ಬಳದನ್ನು ಕದ್ದು ತಿದ್ದಿದರೆ ದೊಡ್ಡಲಕ್ಷ್ಮಮ್ಮನ ಗತಿ? ನನ್ನ ಕೇಂದ್ರಕ್ಕೆ ಬಾರದವರ ಗತಿ? ಮುಟ್ಟದೆ ಹೊರಬಂದೆ. ಸರಿ ಮಾಡಿದೆನೋ ಇಲ್ಲವೋ, ಈಗಲೂ ಖಾತ್ರಿಯಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ: ಸೋಮವಾರದೊಳಗೆ ತಿದ್ದಲು ಲಿಖಿತ ಆದೇಶ ಕೊಡಿ. ಅರ್ಜಿ ಹಾಕಿದ ಪ್ರತಿಯೊಬ್ಬರಿಗೂ ಹದಿನಾಲ್ಕನ್ನು ಮತ್ತೆ ತುಂಬಲು ಮೂರು ದಿನ ಕೊಡಿ. ಸಂಬಳದ ಚೀಟಿ ಇಲ್ಲದವರನ್ನು ಕರೆಸಿ, ಮುಂದೆ ಒಂದು ಬಾಣಲೆ, ಒಂದು ಹಿಡಿ ಗೂಡು ಇಟ್ಟು ನೋಡಿ. ಕಥೆ ಬರೆದರೆ ಬರೆಯಲಿ, ಓದಲು ನಾನು ಬಂದು ಕೂರುತ್ತೇನೆ.

ತಾಹೇರಾಳಿಗೆ ಕೆಲಸ ಕೊಡಿ ಎಂದು ನಾನು ಕೇಳುತ್ತಿಲ್ಲ. ಅವಳಿಗಿಂತ ಕೈ ಚುರುಕಾದವರು ಎಂಬತ್ತು ಮಂದಿ ಇದ್ದರೆ ಅವಳು ಸೋಲಲಿ. ಆದರೆ ನೂಲಿನ ಮುಂದೆ ಸೋಲಲಿ, ನನ್ನ ಮೌಸಿನ ಮುಂದೆ ಅಲ್ಲ.

ಇಂತಿ,
ಪ್ರಶ್ನೆ ಕೇಳಿ ಉತ್ತರಕ್ಕೆ ಜಾಗ ಬಿಡದ
ಕೆ. ನಾಗಲಕ್ಷ್ಮಮ್ಮ
ರಾಮನಗರ, ಆಗಸ್ಟ್ ೨೦೦೮