ಲಿನಕ್ಸಿನಲ್ಲಿಟ್ಟ ಫೋಟೋಗಳು

ಚಾಂಪಿಯನ್ ರೀಫ್ಸ್

ಪ್ರೀತಿಯ ಸುಮಿತಾ,

ಬಂಗಾರಪೇಟೆಯಲ್ಲಿ ನಿನ್ನಮ್ಮ, ನನ್ನ ಅಕ್ಕ ಆದಿಲಕ್ಷ್ಮಮ್ಮನ ಮಂಡಿನೋವು ಹೇಗಿದೆ? ಮಗು ಪ್ರೇರಣಾಳ ಜ್ವರ ಇಳಿಯಿತೆ? ನಿನ್ನ ಮುರಿದ ಬಲಗೈ?

ಭಾನುವಾರ ನಿನ್ನ ಗಂಡ ಇಲ್ಲಿಗೂ ಬಂದಿದ್ದ. ನಿನ್ನ ಗಾಯಗಳ ಫೋಟೋಗಳನ್ನು ನನ್ನ ಹಳೆಯ ಕಂಪ್ಯೂಟರಿಗೆ ಹಾಕಿಕೊಂಡದ್ದು ಅವನಿಗೆ ಗೊತ್ತಾಗಿದೆ. "ಎಲ್ಲಿಟ್ಟಿದ್ದೀಯ ತೋರ್ಸಲಾ, ಮುದ್ಕ" ಎಂದು ನನ್ನ ತಲೆಯನ್ನು ಗೋಡೆಗೆ ಚಚ್ಚಿದ. ವಿಂಡೋಸಿನಲ್ಲಿದ್ದ ಪ್ರತಿಯನ್ನು ತೋರಿಸಿದೆ. ಅಳಿಸಿಹಾಕಿ, ಮಾನಿಟರನ್ನು ಸುತ್ತಿಗೆಯಿಂದ ಒಡೆದು ಹೋದ.

ಗಣಿಯಲ್ಲಿ ಹೊರಬರಲು ಎರಡನೇ ದಾರಿ ನೋಡಿಟ್ಟುಕೊಳ್ಳದೆ ನಾವು ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಅದೇ ಕಂಪ್ಯೂಟರಿನಲ್ಲಿ, ವಿಂಡೋಸಿನ ಹಾಗೆಯೇ ಅದನ್ನು ನಡೆಸುವ ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆಯನ್ನೂ ಹಾಕಿ, ಫೋಟೋಗಳ ಇನ್ನೊಂದು ಪ್ರತಿಯನ್ನು ಅದರಲ್ಲಿ ಇಟ್ಟಿದ್ದೆ. ಆನ್ ಮಾಡಿದ ಕೂಡಲೇ ಬರುವ ಪಟ್ಟಿಯಲ್ಲಿ ಅದನ್ನು ಆರಿಸಬೇಕು. ಬೇರೆ ಮಾನಿಟರ್ ತಂದು ನೋಡಿದೆ, ಹದಿನೇಳು ಫೋಟೋಗಳೂ ಅಲ್ಲಿವೆ. ಹೊಲಿಗೆ ಹಾಕಿದ ನನ್ನ ತಲೆಯದನ್ನೂ ಸೇರಿಸಿದ್ದೇನೆ.

ಪೊಲೀಸರಿಗೆ ಕೊಡಲೇ? ಎಡಗೈಯಲ್ಲಾದರೂ ಎರಡು ಸಾಲು ಬೇಗ ಬರೆ.

ನಿನ್ನ ಸೋದರಮಾವ,
ಮುನೀಂದ್ರ