ಕೈಗೆ ಹೊಟ್ಟೆಕಿಚ್ಚು ಇರುವುದಿಲ್ಲ, ಮಾಮಾ

ಲಕ್ಷ್ಮೇಶ್ವರದ ಸಿದ್ದಲಿಂಗೇಶ ಮಾಮಾ ಅವರಿಗೆ,
ನಿಮ್ಮ ನಾದಿನಿ ವನಿತಾಳ ಶರಣು.

ಮೊದಲು ಕ್ಷಮೆ ಕೇಳುತ್ತೇನೆ. ಅಕ್ಕನ ಗಂಡನಿಗೆ ನಾದಿನಿ ಹೀಗೆ ಪತ್ರ ಬರೆಯುವ ರೂಢಿ ನಮ್ಮಲ್ಲಿಲ್ಲ, ಗೊತ್ತು. ಆದರೆ ನೀವು ಫೋನ್ ಎತ್ತುವುದಿಲ್ಲ, ಮೆಸೇಜ್ ನೋಡಿ ಸುಮ್ಮನಾಗುತ್ತೀರಿ. ಸಣ್ಣವಳಿದ್ದಾಗಿನಿಂದ ಇಂಗ್ಲಿಷ್ ಮೀಡಿಯಂ ಹಾಸ್ಟೆಲ್‌ನಲ್ಲೇ ಬೆಳೆದವಳು ನಾನು, ನನ್ನ ಕನ್ನಡ ಅಷ್ಟಕ್ಕಷ್ಟೇ. ಅದಕ್ಕೆ ಸಾರಿ. ಸಿಟ್ಟಿಗೆ ಮಾತ್ರ ಸಾರಿ ಕೇಳುವುದಿಲ್ಲ.

ನಿಮ್ಮ ತಂಗಿ ಶಿವಲಕ್ಷ್ಮಿಯ ಕುಬಸದ ದಿನ ನಾನೂ ನಿಮ್ಮ ಮನೆಯಲ್ಲಿದ್ದೆ, ಮೊಬೈಲ್ ಹಿಡಿದು ವಿಡಿಯೋ ತೆಗೆಯುತ್ತಿದ್ದೆ. ಹಸಿರು ಸೀರೆ ಉಟ್ಟು ಬಸುರಿ ಕುರ್ಚಿಯಲ್ಲಿ ಕೂತಿದ್ದಳು. ಕಣಕದ ಆರತಿ ಬೆಳಗಲು ನಿಮ್ಮವ್ವ ಪಕ್ಕದ ಮನೆಯ ಸೊಸೆಯನ್ನು ಕರೆದರು. ಸ್ವಂತ ಸೊಸೆ, ನಮ್ಮಕ್ಕ ಶೈಲಾ, ಅಲ್ಲೇ ನಿಂತಿದ್ದಳು. ಮಕ್ಕಳಾಗಿಲ್ಲವಲ್ಲ, ಅದಕ್ಕೆ. ಶಿವಲಕ್ಷ್ಮಿಯೇ ಹಟ ಹಿಡಿದಳು. ‘ನನಗ ಶೈಲಾ ವೈನೀನ ಆರತಿ ಮಾಡ್ಬೇಕು. ಇಲ್ಲಂದ್ರ ಹೊಟ್ಟಿ ಹಿಡ್ಕೊಂಡು ಎದ್ದು ಹೋಗ್ತೀನಿ ನೋಡ್ರಿ!’ ಹೆಂಗಸರೆಲ್ಲ ನಕ್ಕರು. ಅಕ್ಕ ತಟ್ಟೆ ಹಿಡಿದಳು. ಹಾಡು ಮುಗಿಯುವ ಹೊತ್ತಿಗೆ ಒಂದು ಹಿಟ್ಟಿನ ದೀಪ ಬದಿಗೆ ಕುಸಿಯಿತು, ಕಾದ ತುಪ್ಪ ಅವಳ ಹೆಬ್ಬೆರಳ ಬುಡಕ್ಕೆ ಹರಿಯಿತು. ತಟ್ಟೆ ಬಿತ್ತು. ದೀಪ ಆರಿದವು.

ಅಕ್ಕನ ಕೈ ಸುಟ್ಟಿದೆಯಾ ಎಂದು ಯಾರೂ ನೋಡಲಿಲ್ಲ. ನಿಮ್ಮವ್ವ ಅಂದದ್ದು ಇದು: ‘ತನ್ನ ಉಡಿ ತುಂಬಲಿಲ್ಲ, ಇನ್ನೊಬ್ಬರದು ಕಣ್ಣಿಲೆ ನೋಡಾಕ ಆಗಲಿಲ್ಲ ಆಕಿಗೆ. ಬೇಕಂತನ ಕೆಡವಿದ್ಲು.’ ನೀವು ಬಾಗಿಲಲ್ಲೇ ಇದ್ದಿರಿ ಮಾಮಾ. ಕೇಳಿಸಿತು ನಿಮಗೆ. ಮರುದಿನ ‘ಅವ್ವನ ಸಿಟ್ಟು ಇಳೀಲಿ, ನಾಕು ದಿನ ಅಸುಂಡ್ಯಾಗ ಇದ್ದು ಬಾ’ ಎಂದು ಅಕ್ಕನನ್ನು ತವರಿಗೆ ಕಳಿಸಲು ಗದಗ ಬಸ್ಸಿಗೆ ಹತ್ತಿಸಿದಿರಿ. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಈಗ ಸೋಮವಾರ ನಿಮ್ಮ ಕಡೆಯ ಹಿರಿಯರು ಅಸುಂಡಿಗೆ ಬಂದು ಅಕ್ಕನ ಸಂಬಂಧ ಕಡಿದು ಹೋಗುತ್ತಾರಂತೆ. ಒಂದು ತಟ್ಟೆ ಬಿದ್ದದ್ದಕ್ಕೆ!

ಹೋದ ವಾರ ನಮ್ಮ ನರ್ಸಿಂಗ್ ಕ್ಲಾಸಿನಲ್ಲಿ ರಿಫ್ಲೆಕ್ಸ್ ಪಾಠ ಇತ್ತು. ಮೇಡಂ ನನ್ನನ್ನೇ ಮೇಜಿನ ಮೇಲೆ ಕೂರಿಸಿ ಮೊಣಕಾಲ ಚಿಪ್ಪಿನ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಕಾಲು ಎತ್ತಬಾರದು ಎಂದು ನಾನು ಹಲ್ಲು ಕಚ್ಚಿ ಕೂತಿದ್ದೆ. ಆದರೂ ಕಾಲು ಚಿಮ್ಮಿ ಅವರ ಸೀರೆಗೆ ಬಡಿಯಿತು. ಗೆಳತಿ ನಸ್ರೀನ ಹಿಂದಿನಿಂದ, ‘ಲೇ ವನಿತಾ, ಪರೀಕ್ಷಾಕಿಂತ ಮೊದಲ ಮೇಡಮ್ಮರಿಗೆ ಒದ್ದೆಲ್ಲಲೇ!’ ಅಂದಳು. ನನಗೆ ಅಳುವೇ ಬಂತು. ಮೇಡಂ ನಕ್ಕು ‘ನಾರ್ಮಲ್’ ಎಂದು ಬರೆದುಕೊಂಡರು. ನೋಡಿ, ನನ್ನ ಕಾಲು ನಾರ್ಮಲ್. ಅಕ್ಕನ ಕೈ ಮಾತ್ರ ನಿಮ್ಮ ಮನೆಯಲ್ಲಿ ಹೊಟ್ಟೆಕಿಚ್ಚಿನ ಕೈ.

ಬಿಸಿ ತಾಗಿದರೆ ಏನಾಗುತ್ತದೆ ಹೇಳುತ್ತೇನೆ, ಓದಿ. ಚರ್ಮದಿಂದ ಸುದ್ದಿ ನರ ಹಿಡಿದು ಬೆನ್ನುಹುರಿಗೆ ಓಡುತ್ತದೆ. ಬೆನ್ನುಹುರಿ ಮಿದುಳನ್ನು ಕೇಳುತ್ತ ಕೂರುವುದಿಲ್ಲ, ತಾನೇ ಸ್ನಾಯುವಿಗೆ ‘ಎಳಿ’ ಎಂದು ಹುಕುಂ ಕೊಡುತ್ತದೆ. ಹಾಸ್ಟೆಲ್‌ಗೆ ಬೆಂಕಿ ಬಿದ್ದರೆ ವಾಚ್‌ಮನ್ ವಾರ್ಡನ್ ಪರ್ಮಿಷನ್‌ಗೆ ಕಾಯದೆ ಗೇಟ್ ತೆಗೆಯುವುದಿಲ್ಲವೇ, ಹಾಗೆ. ವಾರ್ಡನ್‌ಗೆ ಆಮೇಲೆ ಗೊತ್ತಾಗುತ್ತದೆ. ಉರಿ ಅನ್ನಿಸುವುದು ಮಿದುಳಿಗೆ ಸುದ್ದಿ ಮುಟ್ಟಿದ ಮೇಲೆಯೇ. ಹೊಟ್ಟೆಕಿಚ್ಚು, ಮತ್ಸರ, ಸೇಡು ಎಲ್ಲ ಮಿದುಳಿನ ಕೆಲಸ. ಬೆನ್ನುಹುರಿಗೆ ಯಾರು ಬಸುರಿ, ಯಾರು ಬಂಜೆ ಗೊತ್ತಿಲ್ಲ ಮಾಮಾ.

ಆ ವಿಡಿಯೋವನ್ನು ನಿಧಾನ ಮಾಡಿ ನೋಡಿದೆ. ಕೈ ಹಿಂದೆ ಬಂದಾಗಲೂ ಅಕ್ಕ ಹಾಡುತ್ತಲೇ ಇದ್ದಾಳೆ, ಮುಖದಲ್ಲಿ ನಗೆ ಹಾಗೇ ಇದೆ. ಮುಖ ಕಿವುಚಿದ್ದು ಆಮೇಲೆ. ಬೇಕಂತ ಕೆಡವುವವರು ಹಾಗಿರುತ್ತಾರಾ?

ಮೇಡಂ ಇನ್ನೊಂದು ಮಾತು ಹೇಳಿದ್ದರು, ಅದನ್ನು ಮುಚ್ಚಿಡುವುದಿಲ್ಲ. ಬಿಸಿ ಇದೆ ಎಂದು ಮೊದಲೇ ಗೊತ್ತಿದ್ದರೆ ಮಿದುಳು ‘ತಡಿ, ಬಿಡಬ್ಯಾಡ’ ಎಂದು ಕೈಯನ್ನು ಹಿಡಿದಿಡಬಲ್ಲದಂತೆ. ಹಾಗಾದರೆ ಅಕ್ಕ ತಡೆಯಬಹುದಿತ್ತಾ? ರವಿವಾರ ಊರಿಗೆ ಹೋಗಿ ಹೆದರುತ್ತಲೇ ಕೇಳಿದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ‘ತಡದಿದ್ನೆಲ್ಲವ್ವಾ. ತಟ್ಟಿ ಮೊದಲಿಂದನ ಕಾದಿತ್ತು. ಹಾಡು ಮುಗಿಯೂತನಕ ತಡಕೋ ಶೈಲಾ, ಕೆಡವಿದ್ರ ನಿನ್ನ ಮ್ಯಾಲೆ ಬರ್ತೈತಿ ಅಂತ ಹಿಡಕೊಂಡ ನಿಂತಿದ್ದೆ. ತುಪ್ಪ ಬರ್ತೈತಿ ಅಂತ ಗೊತ್ತಿರಲಿಲ್ಲ ನೋಡು.’ ಅಷ್ಟು ಹೇಳಿ ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. ಹೆಬ್ಬೆರಳ ಬುಡದಲ್ಲಿ ಕಲೆ ಇನ್ನೂ ಇದೆ.

ಕಣಕ ನಾದಿದ್ದು ನಿಮ್ಮವ್ವ. ನೀರು ಹೆಚ್ಚಾಗಿತ್ತು, ದೀಪ ಕುಸಿಯಿತು. ಅದಕ್ಕೆ ನಾನು ಅವರನ್ನು ಪಾಪಿ ಅನ್ನುವುದಿಲ್ಲ. ಹಿಟ್ಟು ಮೆತ್ತಗಾಗುತ್ತದೆ, ಕೈ ಹಿಂದೆ ಬರುತ್ತದೆ.

ಆದರೆ ಸುಮ್ಮನಿರುವುದು ರಿಫ್ಲೆಕ್ಸ್ ಅಲ್ಲ ಮಾಮಾ. ಅಕ್ಕನ ಕೈಗೆ ಯೋಚಿಸಲು ಒಂದು ಕ್ಷಣ ಇರಲಿಲ್ಲ. ನಿಮಗೆ ಅಂದು ಸಂಜೆ ಇತ್ತು, ಇಡೀ ರಾತ್ರಿ ಇತ್ತು, ಬಸ್ ಬರುವತನಕ ಸ್ಟ್ಯಾಂಡಿನಲ್ಲಿ ಅಕ್ಕನ ಪಕ್ಕದಲ್ಲೇ ನಿಂತ ಹೊತ್ತಿತ್ತು. ನಿಮ್ಮ ಮೌನ ಮಿದುಳಿನಿಂದಲೇ ಬಂದದ್ದು, ಪೂರ್ತಿ ಯೋಚಿಸಿ ಬಂದದ್ದು. ಬೇಕಂತ ಕೆಡವಿದವರು ಯಾರಾದರೂ ಇದ್ದರೆ ಅದು ನೀವು.

ನಿಮಗೆ ಬಾಯಿಲ್ಲ ಅಂದುಕೊಂಡಿದ್ದರೆ ಬರೆಯುತ್ತಲೇ ಇರಲಿಲ್ಲ. ಅಪ್ಪ ನನ್ನನ್ನು ನರ್ಸಿಂಗಿಗೆ ಕಳಿಸುವುದಿಲ್ಲ ಎಂದಾಗ, ನಮ್ಮ ಪಡಸಾಲೆಯಲ್ಲಿ ಕೂತು, ‘ಆಕಿ ಓದ್ತಾಳ್ರಿ ಮಾವಾರ, ಬಿಡ್ರಿ. ಮಂದಿ ಮಾತಿಗೆ ಮನಿ ಹುಡುಗಿ ಬಾಳೇ ಹಾಳ ಮಾಡಾಕ ಹೋಗಬ್ಯಾಡ್ರಿ’ ಅಂದವರು ನೀವೇ. ಹೆಂಡತಿಗಾಗಿ ಅಂಥದೇ ಒಂದು ಮಾತು ಯಾಕೆ ಬರಲಿಲ್ಲ?

ಹುಟ್ಟಿದ ಕೂಸಿನ ಅಂಗೈಗೆ ಬೆರಳಿಟ್ಟರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದೂ ರಿಫ್ಲೆಕ್ಸೇ. ಹೆತ್ತ ಬೆರಳೋ ಹೆರದ ಬೆರಳೋ, ಅದು ಕೇಳುವುದಿಲ್ಲ. ಶಿವಲಕ್ಷ್ಮಿಯ ಕೂಸು ಹಾಗೆ ಹಿಡಿಯುವಾಗ ಅಕ್ಕ ಆ ಮನೆಯಲ್ಲಿರಬೇಕು. ಶಿವಲಕ್ಷ್ಮಿ ಸುಖವಾಗಿ ಹೆರಲಿ, ತಾಯಿ ಮಗು ಗಟ್ಟಿಯಾಗಿರಲಿ ಎಂದು ಅಕ್ಕನೇ ಬರೆಯಲು ಹೇಳಿದ್ದಾಳೆ. ನಾನು ಸಿಟ್ಟಿನಲ್ಲಿದ್ದೇನೆ, ಆದರೂ ಬರೆದಿದ್ದೇನೆ.

ಸೋಮವಾರ ಹಿರಿಯರು ಬರುವ ಮೊದಲು ನೀವು ಬರುತ್ತೀರೋ ಇಲ್ಲವೋ, ಅಷ್ಟು ತಿಳಿಸಿ. ಜಲ್ದಿ ಉತ್ತರ ಕೊಡಿ.

ಇಂತಿ,
ವನಿತಾ
ಗದಗ, ಹಾಸ್ಟೆಲ್