ಬೆನ್ನು ತಿರುಗಿಸಿದರೆ ಬರುವ ದೋಣಿ

ಮಾರ್ಚ್ 2

ಕಾರಿನ ಗಾಜು ಒರೆಸಿ ಆಯಿತು. ನನ್ನ ಕಡೆಯ ಬ್ರೇಕ್ ಸ್ವಲ್ಪ ಸಡಿಲ, ಮೆಕ್ಯಾನಿಕ್‌ಗೆ ತೋರಿಸಬೇಕು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಾಲಿಗೂ ಒಂದು ಬ್ರೇಕ್ ಇರುತ್ತದೆ. ಅದೊಂದು ಇರುವುದಕ್ಕೇ ಇಪ್ಪತ್ತಾರು ವರ್ಷದಿಂದ ಬದುಕಿದ್ದೇನೆ.

ಮೊದಲ ಪಾಠ ಡೆಂಟಿಸ್ಟ್ ಅಮ್ಮನದು. ವಯಸ್ಸು ಐವತ್ತೆರಡು, ಗೇರ್ ಹಾಕುವುದು ಹಲ್ಲು ಕಿತ್ತ ಹಾಗೆ.

"ಮೇಷ್ಟ್ರೇ, ಟೆಸ್ಟಲ್ಲಿ ಎಂಟು ಹಾಕೋವಾಗ ಎಲ್ಲೆಲ್ಲಿ ಎಷ್ಟೆಷ್ಟು ತಿರುಗಿಸಬೇಕು ಅಂತ ಗುರುತು ಹೇಳಿಬಿಡಿ. ಬಾಯಿಪಾಠ ಮಾಡ್ಕೋತೀನಿ."

"ಮಾಡ್ಕೋಬಹುದು ಡಾಕ್ಟ್ರೇ. ರಸ್ತೆ ಮೇಲೆ ನಿಮಗೆ ಯಾರು ಗುರುತು ಹಾಕಿಟ್ಟಿರ್ತಾರೆ?"

"ಮೊದ್ಲು ಪಾಸ್ ಮಾಡ್ಸಿ, ಆಮೇಲೆ ಬುದ್ಧಿ ಹೇಳಿ."

ಗುರುತು ಹೇಳಲಿಲ್ಲ. ಹೇಳುವುದಿಲ್ಲ. ನನ್ನ ಹಟ ಅದು.

ಭಾವಮೈದನ ಫೋನ್. "ಏನ್ ಭಾವ, ನಿಮ್ಮ ಮಗಳು ಆಟ ಆಡೋದು ಕಲಿಯೋಕೆ ನಾಲ್ಕು ವರ್ಷ ಕಾಲೇಜಿಗೆ ಹೋಗ್ಬೇಕಾ? ನನ್ನ ಮಗ ಪುಕ್ಕಟೆ ಆಡ್ತಾನೆ."

"ನಿನ್ನ ಮಗ ಮೂರು ಹೊತ್ತು ಊಟಾನೂ ಮಾಡ್ತಾನೆ. ಹಾಗಂತ ಅಡುಗೆ ಬರುತ್ತಾ?" ಅಂದೆ. ಖುಷಿಯಾಯಿತು. ದಿನವಿಡೀ ಅದನ್ನೇ ನೆನೆದು ನಕ್ಕೆ.

ಮಾರ್ಚ್ 5, ಸಂಜೆ

ಮಗಳ ಆಟ ಇವತ್ತು ನಮ್ಮ ಮನೆಯ ಹಾಲ್‌ಗೆ ಬಂತು. ನಾವು ಅವಳನ್ನು ಗುಬ್ಬಿ ಎನ್ನುತ್ತೇವೆ. ಗೇಮ್ ಡಿಸೈನ್, ಕೊನೆಯ ವರ್ಷ. ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಆಟ ಕಟ್ಟಬೇಕು. ಗುಬ್ಬಿಯದು ಒಂದು ಹೊಳೆ, ಒಬ್ಬಳು ಹುಡುಗಿ, ಆಚೆ ದಡ, ದೋಣಿಯವನು. ದೋಣಿಯವನಿಗೆ ಬಹಳ ನಾಚಿಕೆ. ನೋಡುತ್ತಾ ನಿಂತರೆ ಬರುವುದೇ ಇಲ್ಲ. ಹೊಳೆಗೆ ಬೆನ್ನು ತಿರುಗಿಸಿ ಸುಮ್ಮನೆ ನಿಂತರೆ ಬರುತ್ತಾನೆ. ಇದನ್ನು ಆಡುವವರು ತಾವೇ ಕಂಡುಕೊಳ್ಳಬೇಕು. ಆಟದ ಜೀವವೇ ಅದು.

ಆದರೆ ದೋಣಿಯವನ ಈ ಗುಟ್ಟು ನನಗೆ ಗೊತ್ತಾದದ್ದು ಆಮೇಲೆ; ಗೊತ್ತಾದ ಮೇಲೆ ಈ ಸಾಲುಗಳನ್ನು ಇಲ್ಲಿ ಸೇರಿಸಿದ್ದೇನೆ. ಇವತ್ತು ನನ್ನನ್ನು ಹೊರಗೆ ಕಳಿಸಿ ತನ್ನ ಅಮ್ಮನನ್ನು ಮಾತ್ರ ಕೂರಿಸಿದಳು. ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂತಳು. ಹೊಸಬರು ಆಡುವಾಗ ಆಟ ಮಾಡಿದವರು ಬಾಯಿ ಬಿಡಬಾರದಂತೆ. ಕೈ ತೋರಿಸಬಾರದು, ಕೆಮ್ಮಬಾರದು. ಅವರು ಎಲ್ಲಿ ತಡವರಿಸುತ್ತಾರೆ ಎಂದು ಬರೆದುಕೊಳ್ಳಬೇಕು, ಅಷ್ಟೇ.

ಕಿಟಕಿಯಿಂದ ಕೇಳಿಸಿಕೊಂಡೆ.

"ಈಜ್ಲಾ? ಏ, ಮುಳುಗ್ತಾಳಲ್ಲೇ! ಹೇಳೇ, ಏನ್ಮಾಡ್ಲಿ? ನಿನ್ನ ಬಾಯಿಗೆ ಏನಾಗಿದೆ?"

ನನ್ನ ಹೆಂಡತಿ ಇಪ್ಪತ್ತು ನಿಮಿಷ ಹೊಳೆದಂಡೆಯ ಮೇಲೆ ಓಡಾಡಿ, ತಲೆ ನೋಯುತ್ತಿದೆ ಎಂದು ಎದ್ದುಬಿಟ್ಟಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಡಾಕ್ಟರ ಬರಹ ಓದಬಲ್ಲವಳು — ಅವಳಿಗೇ ಆಗಲಿಲ್ಲ. ಗುಬ್ಬಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟಳು. ನಲ್ಲಿ ಬಹಳ ಹೊತ್ತು ಸುರಿಯಿತು.

ಮಾರ್ಚ್ 6

ಗುಬ್ಬಿಯ ಕಾಲೇಜಿನ ಗಡ್ಡದ ಮೇಷ್ಟ್ರು ಹೇಳಿದರಂತೆ — ಸಬ್ಮಿಷನ್‌ಗೆ ಮೊದಲು, ಜೀವನದಲ್ಲಿ ಆಟ ಆಡದ ಒಬ್ಬ ಮನುಷ್ಯ ಯಾರ ಸಹಾಯವೂ ಇಲ್ಲದೆ ಆ ಹೊಳೆ ದಾಟಬೇಕು.

"ಅಪ್ಪ, ಅದಕ್ಕೆ ನಿನ್ನ ಇಟ್ಕೊಂಡಿದ್ದೀನಿ. ಇಪ್ಪತ್ತೊಂದನೇ ತಾರೀಕು ನಿನ್ನ ಸರದಿ. ಅಲ್ಲಿವರೆಗೂ ಇಣುಕಿ ನೋಡಬಾರ್ದು."

"ನಾನೇ ಯಾಕಮ್ಮ?"

"ಫ್ರೆಂಡ್ಸ್ ಎಲ್ಲಾ ಬೇಜಾರಾಗದಿರ್ಲಿ ಅಂತ ಚೆನ್ನಾಗಿದೆ ಅಂತಾರೆ. ನೀನು ಸುಳ್ಳು ಹೇಳಲ್ಲ."

ಹಣೆಗೆ ಹಣೆ ತಾಗಿಸಿ ಹೋದಳು. ಚಿಕ್ಕಂದಿನ ಅಭ್ಯಾಸ.

ಮಾರ್ಚ್ 9, ಬೆಳಿಗ್ಗೆ 11

ಬರೆದುಬಿಡುತ್ತೇನೆ. ಯಾರು ಓದುತ್ತಾರೆ ಇದನ್ನು?

ಹೆದರಿಕೆ. ಮೊಬೈಲಿನಲ್ಲಿ ಫೋಟೋ ಕಳಿಸಲೂ ಬಾರದವನು ನಾನು. ಹೊಳೆದಂಡೆಯಲ್ಲೇ ಉಳಿದುಬಿಟ್ಟರೆ? ಮತ್ತೆ ಆ ನಲ್ಲಿಯ ಸದ್ದು ಕೇಳಲಾರೆ. ಮನೆಯಲ್ಲಿ ಯಾರೂ ಇಲ್ಲ. ಆಟ ಹಾಲ್‌ನ ಕಂಪ್ಯೂಟರಿನಲ್ಲೇ ಇದೆ. ಕೂತೆ.

ಹುಡುಗಿ ನೀರಿಗೆ ಬಿದ್ದಳು. ಹನ್ನೊಂದು ಸಲ ಬಿದ್ದಳು.

ಮಾರ್ಚ್ 11

ದಡದಲ್ಲೊಂದು ಮರ. ಮರಕ್ಕೆ ಹೊಸದಾಗಿ ಒಂದು ಕನ್ನಡಿ ತೂಗುಹಾಕಿದ್ದಾಳೆ. ಹೆಂಡತಿ ಆಡಿದಾಗ ಬರೀ ಮರವಿತ್ತಂತೆ, ಮಾತಿನ ಮಧ್ಯೆ ಅವಳೇ ಹೇಳಿದಳು. ಏನಕ್ಕಿರಬಹುದು?

ಮಾರ್ಚ್ 13

ದಾಟಿದೆ! ಕನ್ನಡಿಯ ಮುಂದೆ, ಹೊಳೆಗೆ ಬೆನ್ನಾಗಿ, ಹುಡುಗಿಯನ್ನು ನಿಲ್ಲಿಸಿ ಮೌಸ್ ಬಿಟ್ಟು ಕನ್ನಡಕ ಒರೆಸುತ್ತಿದ್ದೆ. ಹಾಕಿಕೊಂಡು ನೋಡಿದರೆ ಕನ್ನಡಿಯೊಳಗೆ ದೋಣಿ! ಬರುತ್ತಿದೆ, ಮೆಲ್ಲಗೆ, ಕಳ್ಳಹೆಜ್ಜೆ ಇಟ್ಟುಕೊಂಡು. ಮೈ ಜುಮ್ಮೆಂದಿತು. ನನ್ನ ಮಗಳ ತಲೆಯಲ್ಲಿ ಇಂಥದ್ದು ಹುಟ್ಟಿದೆ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಯಾರಿಗೂ ಹೇಳುವ ಹಾಗಿಲ್ಲ.

ಇನ್ನೂ ನಾಲ್ಕು ಸಲ ದಾಟಿದೆ. ಕೈಗೆ ಕೂರಲಿ ಎಂದು.

ಮಾರ್ಚ್ 21, ಸಂಜೆ 7

ಪರೀಕ್ಷೆ ಮುಗಿಯಿತು. ಗುಬ್ಬಿ ಪಕ್ಕದಲ್ಲಿ, ನೋಟ್‌ಬುಕ್ ತೊಡೆಯ ಮೇಲೆ, ತುಟಿ ಬಿಗಿಹಿಡಿದು.

ನಟನೆ ನನಗೆ ಹೊಸದಲ್ಲ. ಹಳ್ಳಿಯಲ್ಲಿ ನಮ್ಮ ಸೋದರತ್ತೆ ಒಂದೇ ಕಥೆಯನ್ನು ನೂರು ಸಲ ಹೇಳುತ್ತಿದ್ದಳು. ಮುಂದಿನದು ಗೊತ್ತಿದ್ದರೂ ಕಣ್ಣರಳಿಸಿ "ಹೂಂ? ಆಮೇಲೆ?" ಎನ್ನಬೇಕು. ಹೂಂಗುಟ್ಟುವುದು ನಿಂತರೆ ಕಥೆಯೂ ನಿಂತಿತು. ನಾನು ಆ ಕೆಲಸದಲ್ಲಿ ಪಳಗಿದವನು. ಎರಡು ಸಲ ಹುಡುಗಿಯನ್ನು ಬೇಕೆಂದೇ ನೀರಿಗೆ ಬೀಳಿಸಿದೆ. "ಅಯ್ಯೋ" ಅಂದೆ. ಗಲ್ಲ ಕೆರೆದುಕೊಂಡೆ. ಕನ್ನಡಿಯ ಕಡೆ ಹೋಗಲೇ ಇಲ್ಲ — ಅದನ್ನು ನೋಡಿದರೆ ಮೊದಲೇ ಗೊತ್ತಿತ್ತು ಎಂದು ತಿಳಿದೀತು, ಎಂಬ ದಿಗಿಲು. ಹೊಳೆಗೆ ಬೆನ್ನು ಹಾಕಿ ಆಕಳಿಸಿದೆ. ದೋಣಿ ಬಂತು.

ಗುಬ್ಬಿ ಕುಣಿದಳು. ನನ್ನನ್ನೂ ಕುಣಿಸಿದಳು. ಇವಳು ಅಡುಗೆಮನೆಯಿಂದ ಸೌಟು ಹಿಡಿದು ಬಂದು, "ರೀ, ನಿಮಗೆ ಹೇಗೆ ಗೊತ್ತಾಯ್ತು?" ಎಂದಳು.

"ಎಲ್ಲರೂ ನಿನ್ನ ಹಾಗೆ ಗಡಿಬಿಡಿ ಮಾಡ್ತಾರಾ?" ಅಂದೆ.

ಮಾರ್ಚ್ 22

ಕನ್ನಡಿ ತೆಗೆದುಬಿಟ್ಟಳು.

"ನೀನು ಅದನ್ನ ನೋಡಲೇ ಇಲ್ವಲ್ಲ ಅಪ್ಪ. ನೋಡದೇನೇ ದಾಟಿದೆ. ಊರುಗೋಲು ಕೊಟ್ಟ ಹಾಗಿದೆ ಅಂತ ಮೇಷ್ಟ್ರೂ ಅಂದಿದ್ರು. ಇನ್ಯಾಕೆ ಅದು?"

"ಇರ್ಲಿ ಬಿಡಮ್ಮ, ಚೆನ್ನಾಗಿತ್ತು..."

"ನೋಡೇ ಇಲ್ಲ, ಚೆನ್ನಾಗಿತ್ತು ಅಂತೀಯ!" ನಕ್ಕಳು.

ನಾನೂ ನಕ್ಕೆ. ಆಗಲೇ ಹೇಳಬೇಕಿತ್ತು. ಬಾಯಿವರೆಗೆ ಬಂತು... ಡೆಂಟಿಸ್ಟ್ ಅಮ್ಮ ಹೊರಗೆ ಹಾರ್ನ್ ಹೊಡೆದರು. ಎದ್ದು ಹೋದೆ.

ಏಪ್ರಿಲ್ 4

ಕಾಲೇಜಿನ ದೊಡ್ಡ ಹಾಲ್. ಸಾಲಾಗಿ ಕಂಪ್ಯೂಟರ್‌ಗಳು, ಪ್ರತಿ ಮೇಜಿನ ಹಿಂದೆ ಒಬ್ಬ ವಿದ್ಯಾರ್ಥಿ ಕೈ ಕಟ್ಟಿಕೊಂಡು. ತಂದೆತಾಯಿಗಳಿಗೆ ಹಿಂದೆ ಗೋಡೆಯ ಹತ್ತಿರ ಜಾಗ. ಆಟ ಮಾಡುವ ಕಂಪನಿಯಿಂದ ಮೂವರು ಬಂದಿದ್ದರು. ಇಡೀ ಬ್ಯಾಚಿನಲ್ಲಿ ಒಬ್ಬರನ್ನು ಟ್ರೇನಿ ಮಾಡಿಕೊಳ್ಳುತ್ತಾರಂತೆ. ಗುಬ್ಬಿ ನಾಲ್ಕು ವರ್ಷದಿಂದ ಜಪ ಮಾಡುತ್ತಿರುವುದು ಅದೊಂದನ್ನೇ.

ಅವರಲ್ಲಿ ಮೊದಲನೆಯವನು ಗುಬ್ಬಿಯ ಆಟಕ್ಕೆ ಕೂತ. ಹುಡುಗಿ ನೀರಿಗೆ ಬಿದ್ದಳು. ಎದ್ದಳು. ಬಿದ್ದಳು. ಏಳು ನಿಮಿಷ. ಎದ್ದು ಹೋದ. ಎರಡನೆಯವನು ಐದೇ ನಿಮಿಷ. ಮೂರನೆಯವಳು ಬೆಳ್ಳಿಕೂದಲಿನ ಹೆಂಗಸು, ತಾಳ್ಮೆಯವಳು. ಮರದ ಹತ್ತಿರ ಹೋಗಿ ಬಂದಳು, ಮತ್ತೆ ಹೋಗಿ ಮರವನ್ನು ಸುತ್ತಿದಳು. ಅಲ್ಲೇ — ಕನ್ನಡಿ ಇದ್ದ ಜಾಗದಲ್ಲೇ! ಗುಬ್ಬಿಯ ಬೆರಳು ತೋಳನ್ನು ಹಿಂಡುತ್ತಿತ್ತು, ಉಗುರು ಬೆಳ್ಳಗಾಗಿತ್ತು. ಬಾಯಿ ಬಿಡುವಂತಿಲ್ಲ. ನಾನೂ ಬಿಡುವಂತಿಲ್ಲ.

ಇವಳು ಮೆಲ್ಲಗೆ ಕೇಳಿದಳು, "ರೀ, ಕಾಲಿಗೇನಾಯ್ತು?"

ನೋಡಿಕೊಂಡೆ. ನನ್ನ ಬಲಗಾಲು ಹಾಲ್‌ನ ನೆಲವನ್ನು ಒತ್ತಿ ಹಿಡಿದಿತ್ತು. ಅಲ್ಲಿ ಬ್ರೇಕ್ ಎಲ್ಲಿಂದ ಬರಬೇಕು?

ಬೆಳ್ಳಿಕೂದಲಿನ ಹೆಂಗಸೂ ಎದ್ದಳು.

ಏಪ್ರಿಲ್ 5

ಪಾಠಗಳನ್ನೆಲ್ಲ ರದ್ದು ಮಾಡಿದೆ. ನಲ್ಲಿಯ ಸದ್ದಿಲ್ಲ ಇವತ್ತು. ಅದೇ ಹೆಚ್ಚು ಹೆದರಿಕೆ.

ಏಪ್ರಿಲ್ 8

ಬೆಳ್ಳಿಕೂದಲಿನ ಹೆಂಗಸು ಫೋನ್ ಮಾಡಿದ್ದಳು. ಯಾರನ್ನೂ ಇನ್ನೂ ಆರಿಸಿಲ್ಲವಂತೆ. ಹೊಳೆ ಅವಳನ್ನು ಬಿಡುತ್ತಿಲ್ಲವಂತೆ. ಹದಿನಾಲ್ಕರಂದು ಮೂವರು ಹೊಸಬರನ್ನು ಕರೆತರುತ್ತಾಳೆ. ಒಬ್ಬರಾದರೂ ತಾವಾಗಿ ದಾಟಿದರೆ ಜಾಗ ಗುಬ್ಬಿಯದು. ದಾಟದಿದ್ದರೆ ಇನ್ನೊಬ್ಬ ಹುಡುಗನದು.

ಗುಬ್ಬಿ ಕುರ್ಚಿ ಎಳೆದುಕೊಂಡು ಎದುರು ಕೂತಳು. ಅದೇ ನೋಟ್‌ಬುಕ್.

"ಅಪ್ಪ, ಇಲ್ಲಿವರೆಗೆ ದಾಟಿದವನು ನೀನೊಬ್ಬನೇ. ಅವತ್ತು ನಿಂಗೆ ಹೇಗೆ ಹೊಳೀತು? ತಿರುಗಿ ನಿಂತ್ಯಲ್ಲ, ಅದಕ್ಕೆ ಮುಂಚೆ ಮನಸ್ಸಲ್ಲಿ ಏನು ಬಂತು? ನಿಧಾನಕ್ಕೆ ನೆನಪು ಮಾಡ್ಕೋ."

ಈಗ, ಅಂದುಕೊಂಡೆ. ಅವಳ ಮುಖ ನೋಡಿದೆ. ಪೆನ್ನು ಹಿಡಿದು ಕಾಯುತ್ತಿದ್ದಳು, ನಾನು ಕಥೆ ಹೇಳುವಾಗ ಚಿಕ್ಕಂದಿನಲ್ಲಿ ಕಾಯುತ್ತಿದ್ದ ಹಾಗೆ. ಬಾಯಿ ತೆರೆದರೆ ಹೊರಟದ್ದು ಕಥೆಯೇ.

"ನೀರಿನ ಸದ್ದು... ಅದರಲ್ಲಿ ಯಾರೋ ಹಿಂದಿನಿಂದ ಕರೆದ ಹಾಗಾಯ್ತು."

"ಸದ್ದು!" ಬರೆದುಕೊಂಡಳು. ಕೆಳಗೆ ಎರಡು ಗೆರೆ ಎಳೆದಳು.

ಏಪ್ರಿಲ್ 10

ಸದ್ದನ್ನೆಲ್ಲ ಕಿತ್ತು ಹೊಸದಾಗಿ ಕಟ್ಟುತ್ತಿದ್ದಾಳೆ. ಬಕೆಟ್ಟಿಗೆ ನೀರು ತುಂಬಿ, ಕೈ ಆಡಿಸಿ, ಮೈಕ್ ಹಿಡಿದು... ಬಚ್ಚಲೇ ಸ್ಟುಡಿಯೋ. ಊಟಕ್ಕೆ ಕರೆದರೆ "ಶ್!" ಎನ್ನುತ್ತಾಳೆ. ಬೆರಳೆಲ್ಲ ನೆನೆದು ಸುಕ್ಕಾಗಿದೆ.

ನಾನು ಕದ್ದು ಆಡಿದಾಗ ಕಂಪ್ಯೂಟರಿನ ಸ್ಪೀಕರ್ ಬಂದ್ ಆಗಿತ್ತು. ಮೊದಲ ದಿನದಿಂದಲೂ. ಅಕ್ಕಪಕ್ಕದವರಿಗೆ ಕೇಳಿಸೀತೆಂದು ನಾನೇ ಬಂದ್ ಮಾಡಿದ್ದೆ. ಪರೀಕ್ಷೆಯ ದಿನ ನಟನೆಯ ಗಡಿಬಿಡಿಯಲ್ಲಿ ಏನೂ ಕಿವಿಗೆ ಬೀಳಲಿಲ್ಲ. ಆ ಹೊಳೆಗೆ ಸದ್ದಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಏಪ್ರಿಲ್ 12

ಡೆಂಟಿಸ್ಟ್ ಅಮ್ಮ ಸ್ವೀಟ್ ತಂದರು. ಲೈಸೆನ್ಸ್ ಬಂತು. ನಾನು ಹೇಳಿಕೊಡದ ಗುರುತುಗಳನ್ನು ಬೇರೆ ಸ್ಕೂಲಿನವರಿಂದ ಕಲಿತರಂತೆ — ನೀಲಿ ಗೋಡೆ ಕಂಡರೆ ಒಂದೂವರೆ ಸುತ್ತು, ಕಂಬ ಕಂಡರೆ ವಾಪಸ್ಸು.

"ಎಂಟು ಮುತ್ತಿನ ಹಾಗೆ ಬಂತು ಮೇಷ್ಟ್ರೇ!"

"ಮತ್ತೆ ಆಟೋದಲ್ಲಿ ಬಂದ್ರಲ್ಲ, ಕಾರು?"

"ನಿನ್ನೆ ನಮ್ಮ ಗೇಟಿಗೇ ಗುದ್ದಿಬಿಟ್ಟೆ. ನಮ್ಮ ಬೀದೀಲಿ ನೀಲಿ ಗೋಡೆ ಇಲ್ವಲ್ಲ!" ಹೊಟ್ಟೆ ಹಿಡಿದು ನಕ್ಕರು.

ನನಗೆ ನಗು ಬರಲಿಲ್ಲ. "ಯಾಕ್ರೀ, ಹಲ್ಲು ನೋವಾ?" ಎಂದು ಕೇಳಿದರು.

ಏಪ್ರಿಲ್ 13, ಬೆಳಿಗ್ಗೆ 7.15

ನಾಳೆ ಹದಿನಾಲ್ಕು. ಕನ್ನಡಿ ವಾಪಸ್ಸು ಹಾಕಲು ಎಷ್ಟು ಹೊತ್ತು ಬೇಕು ಎಂದು ನಿನ್ನೆ ಸುಮ್ಮನೆ ಮಾತಿಗೆ ಎಂಬಂತೆ ಕೇಳಿದೆ. "ಅರ್ಧ ಗಂಟೆ. ಯಾಕೆ?" "ಸುಮ್ಮನೆ."

ಅರ್ಧ ಗಂಟೆ.

ಹೇಳಿದರೆ ಕನ್ನಡಿ ಬರುತ್ತದೆ, ದೋಣಿ ಬರುತ್ತದೆ. ಸುಳ್ಳು ಹೇಳದ ಅಪ್ಪ ಹೋಗುತ್ತಾನೆ. ಹೇಳದಿದ್ದರೆ ಅಪ್ಪ ಇರುತ್ತಾನೆ. ನಾಳೆ ಅವಳು ಕೈ ಕಟ್ಟಿಕೊಂಡು ನಿಂತಿರುತ್ತಾಳೆ, ಹುಡುಗಿ ನೀರಿಗೆ ಬೀಳುತ್ತಾ ಇರುತ್ತಾಳೆ, ನಾನು ನೆಲ ಒತ್ತುತ್ತಾ ಕೂತಿರುತ್ತೇನೆ.

ಬಾಯಲ್ಲಿ ಹೇಳಿದರೆ ಮತ್ತೆ ಕಥೆಯಾಗುತ್ತದೆ. ನನ್ನ ಬಾಯಿಯನ್ನು ನಾನೇ ನಂಬಲಾರೆ. ಅದಕ್ಕೇ ಇಲ್ಲಿ ಬರೆದಿಟ್ಟುಕೊಂಡು, ನೋಡಿ ಓದಿಬಿಡಬೇಕು ಎಂದಿದ್ದೇನೆ. ಮೊದಲ ಸಾಲು ಸುಲಭದ್ದಿರಲಿ.

ಕೋಣೆಯಿಂದ ಕೂಗುತ್ತಿದ್ದಾಳೆ. "ಅಪ್ಪಾ! ಸದ್ದು ಮುಗೀತು! ಹೆಡ್‌ಫೋನ್ ಹಾಕ್ಕೊಂಡು ಕೇಳು ಬಾ, ಅವತ್ತು ಕೇಳಿಸಿದ್ದು ಇದೇನಾ ಹೇಳು!"

ಬಂದೆನಮ್ಮ, ಅಂದೆ. ಎದ್ದಿಲ್ಲ. ಅವಳೇ ಬರುತ್ತಿದ್ದಾಳೆ, ಚಪ್ಪಲಿಯ ಸದ್ದು.

ಗುಬ್ಬಿ, ಸದ್ದಲ್ಲ. ಮಾರ್ಚ್ ಒಂಬತ್ತರಂದು ನೀನು ಕಾಲೇಜಿಗೆ ಹೋದ ಮೇಲೆ ನಾನು